ರಕ್ತ ಕೊಡುವವರಿದ್ದಾರೆ, ಕೇಂದ್ರಗಳು ಕೈಜೋಡಿಸಬೇಕಿದೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ರಾಜ್ಯ ರಕ್ತ ವರ್ಗಾವಣಾ ಪರಿಷತ್ತಿನ ಪದಾಧಿಕಾರಿಗಳಿಗೆ,

ನಮಸ್ಕಾರಗಳು.

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ರಕ್ತ ಕೇಂದ್ರಗಳಲ್ಲಿ ದಾಸ್ತಾನು ಕುಸಿದಿದೆ, ಕಾಲೇಜುಗಳಿಗೆ ರಜೆ, ಬಿಸಿಲಿನ ಬೇಗೆಗೆ ಶಿಬಿರಗಳು ನಡೆಯುತ್ತಿಲ್ಲ, ದಾನಿಗಳು ಮುಂದೆ ಬರಬೇಕು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಅರ್ಧ ಸುದ್ದಿ. ಉಳಿದರ್ಧ ಕೇಂದ್ರಗಳ ಒಳಗೆ ದುಡಿಯುವ ನಮಗಷ್ಟೇ ಗೊತ್ತಿರುತ್ತದೆ. ಒಂದು ಊರಿನಲ್ಲಿ ಎ ಪಾಸಿಟಿವ್ ಸಿಗದೆ ಶಸ್ತ್ರಚಿಕಿತ್ಸೆ ಮುಂದೂಡಿದ ವಾರದಲ್ಲೇ, ಮೂರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಅದೇ ಗುಂಪಿನ ಯೂನಿಟ್‌ಗಳು ಅವಧಿ ಮುಗಿದು ಕಸಕ್ಕೆ ಹೋಗುವುದುಂಟು.

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಸ್ವಯಂಸೇವಾ ಸಂಸ್ಥೆ ನಡೆಸುವ ರಕ್ತ ಕೇಂದ್ರದ ತಂತ್ರಜ್ಞೆ. ರಕ್ತ ಪಡೆಯುವುದು, ಪರೀಕ್ಷಿಸುವುದು, ಅದರ ಘಟಕಗಳನ್ನು (ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ) ಬೇರ್ಪಡಿಸುವುದು, ಹೊಂದಾಣಿಕೆ ನೋಡಿ ಕೊಡುವುದು ನನ್ನ ಕೆಲಸ. ಕೊಡಲಾಗದೆ ಉಳಿದದ್ದನ್ನು ವಿಲೇವಾರಿ ಮಾಡುವುದೂ ನನ್ನದೇ. ಆ ಕೊನೆಯ ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ಅಲ್ಲಿಂದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಪಾಳಿಗೆ ಬಂದವರು ಮೊದಲು ಶೈತ್ಯಪೆಟ್ಟಿಗೆಯ ತಾಪಮಾನದ ದಾಖಲೆ ನೋಡುತ್ತೇವೆ, ಆಮೇಲೆ ದಿನಾಂಕದ ಪ್ರಕಾರ ಜೋಡಿಸಿದ ಮುಂದಿನ ಸಾಲನ್ನು ನೋಡುತ್ತೇವೆ. ಅವಧಿ ಮೀರಿದ್ದನ್ನು ಹೊರತೆಗೆದು, ಸಂಖ್ಯೆಯನ್ನು ವಹಿಯಲ್ಲಿ ಬರೆದು, ಕಾರಣದ ಅಂಕಣ ತುಂಬಿ, ವೈದ್ಯಾಧಿಕಾರಿಯ ಸಹಿ ಹಾಕಿಸಿ, ಬಿಸಿ ಹಬೆಯ ಯಂತ್ರದಲ್ಲಿ (ಆಟೋಕ್ಲೇವ್) ಕ್ರಿಮಿಶುದ್ಧ ಮಾಡಿ ವೈದ್ಯಕೀಯ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕುತ್ತೇವೆ. ಬ್ಯಾಗಿನ ಮೇಲೆ ದಾನಿಯ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ನಮ್ಮದು ದೊಡ್ಡ ಊರಲ್ಲ. ಸಂಖ್ಯೆ ನೋಡಿದರೆ ಯಾವ ಶಿಬಿರದ್ದೆಂದು ತಿಳಿಯುತ್ತದೆ. ಮೊದಲ ಸಲ ರಕ್ತ ಕೊಡಲು ಬಂದು, ಸೂಜಿ ಚುಚ್ಚುವಾಗ ಮುಖ ಆಚೆ ತಿರುಗಿಸಿಕೊಂಡು, ಆಮೇಲೆ ಬಿಸ್ಕತ್ತು ತಿನ್ನುತ್ತ ಗೆಳೆಯರಿಗೆ ಧೈರ್ಯ ಹೇಳಿದ ಹುಡುಗರ ಸಾಲು ಅದು. ಅವರಿಗೆ ನಾವು 'ನಿಮ್ಮ ರಕ್ತ ಒಂದು ಜೀವ ಉಳಿಸುತ್ತದೆ' ಎಂದು ಹೇಳಿರುತ್ತೇವೆ. ಅದನ್ನು ಹಳದಿ ಚೀಲಕ್ಕೆ ಹಾಕುವಾಗ ನನಗೆ ಮಾತು ತಪ್ಪಿದ ಸಂಕಟವಾಗುತ್ತದೆ.

ಸ್ವಲ್ಪ ರಕ್ತ ಅವಧಿ ಮೀರುವುದು ಎಲ್ಲ ವ್ಯವಸ್ಥೆಯಲ್ಲೂ ಇದ್ದದ್ದೇ. ತುರ್ತಿಗೆ ಬೇಕೆಂದರೆ ಬಳಕೆಗಿಂತ ತುಸು ಹೆಚ್ಚೇ ಇಟ್ಟಿರಬೇಕು. ನಾನು ಹೇಳುತ್ತಿರುವುದು ತಪ್ಪಿಸಬಹುದಾದ ನಷ್ಟದ ಮಾತು. ಅದನ್ನು ತಪ್ಪಿಸಲು ಬೇಕಾದ ನಿಯಮಗಳೂ ನಮ್ಮಲ್ಲಿವೆ. ಅವುಗಳನ್ನು ಒಟ್ಟಿಗೆ ಹಿಡಿದು ನಡೆಸುವವರು ಬೇಕಾಗಿದ್ದಾರೆ.

ಈ ವ್ಯವಸ್ಥೆ ಹುಟ್ಟಿದ ಬಗೆಯನ್ನು ಒಮ್ಮೆ ನೆನೆಯಬೇಕು. 'ಕಾಮನ್ ಕಾಸ್' ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1996ರ ಜನವರಿ 4ರಂದು ತೀರ್ಪು ಕೊಟ್ಟಾಗ, ದೇಶದಲ್ಲಿದ್ದ 1,018 ರಕ್ತನಿಧಿಗಳ ಪೈಕಿ 616ಕ್ಕೆ ಪರವಾನಗಿಯೇ ಇರಲಿಲ್ಲ ಎಂಬ ವರದಿ ನ್ಯಾಯಾಲಯದ ಮುಂದಿತ್ತು. ಹೊಟ್ಟೆಪಾಡಿಗಾಗಿ ಪದೇ ಪದೇ ರಕ್ತ ಮಾರುವವರ ಮೇಲೆ ಆಸ್ಪತ್ರೆಗಳು ನಡೆಯುತ್ತಿದ್ದ ಕಾಲ ಅದು. ಆ ತೀರ್ಪಿನಿಂದ ರಕ್ತ ಸೇವೆಯ ಉಸ್ತುವಾರಿಗೆ ರಾಷ್ಟ್ರೀಯ ಮತ್ತು ರಾಜ್ಯ ರಕ್ತ ವರ್ಗಾವಣಾ ಪರಿಷತ್ತುಗಳು ಹುಟ್ಟಿದವು. 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಂತಿತು. 2002ರ ರಾಷ್ಟ್ರೀಯ ರಕ್ತ ನೀತಿ ಸ್ವಯಂಪ್ರೇರಿತ ದಾನವೇ ಅಡಿಪಾಯ ಎಂದು ಸಾರಿತು. ರಕ್ತ ಈಗ ಕಾನೂನಿನ ಕಣ್ಣಿನಲ್ಲಿ ಔಷಧ. ಪ್ರತಿ ಯೂನಿಟ್ಟಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. 2020ರಿಂದ 'ರಕ್ತನಿಧಿ' ಹೋಗಿ 'ರಕ್ತ ಕೇಂದ್ರ' ಎಂಬ ಹೆಸರೂ ಬಂದಿದೆ. ಇಷ್ಟೆಲ್ಲ ದೊಡ್ಡ ಕೆಲಸ, ಅದನ್ನು ಮಾಡಿದವರಿಗೆ ನಾನು ಋಣಿ.

ಆದರೆ ಅದೇ ನಿಯಮಗಳು ಕೇಂದ್ರಗಳನ್ನು ಒಂದಕ್ಕೊಂದು ಕಟ್ಟಿಯೂ ಹಾಕಿವೆ. ಹೊರಗೆ ಹೋಗಿ ಶಿಬಿರ ನಡೆಸುವ ಅಧಿಕಾರ ಎಲ್ಲರಿಗೂ ಇಲ್ಲ. ಸರ್ಕಾರಿ ಕೇಂದ್ರಗಳು, ರೆಡ್ ಕ್ರಾಸ್, ಪ್ರಾದೇಶಿಕ ಕೇಂದ್ರಗಳು, ಪರಿಷತ್ತಿನ ಮಾನ್ಯತೆ ಇರುವ ಸ್ವಯಂಸೇವಾ ಸಂಸ್ಥೆಗಳು ಮಾತ್ರ ನಡೆಸಬಹುದು. ಖಾಸಗಿ ಆಸ್ಪತ್ರೆಯೊಳಗಿನ ಕೇಂದ್ರ ಶಿಬಿರ ಮಾಡುವಂತಿಲ್ಲ. ಅಂದರೆ ಸಂಗ್ರಹಿಸುವವರು ಒಬ್ಬರು, ಬಳಸುವವರು ಹೆಚ್ಚಾಗಿ ಇನ್ನೊಬ್ಬರು. ಇವರಿಬ್ಬರ ನಡುವೆ ಒಪ್ಪಂದ ಗಟ್ಟಿಯಾಗಿದ್ದರೆ ರಕ್ತ ಹರಿಯುತ್ತದೆ. ಇಲ್ಲದಿದ್ದರೆ ರೋಗಿಯ ತಮ್ಮನನ್ನೋ ಮಗನನ್ನೋ ಹಿಡಿದು 'ಒಂದು ಯೂನಿಟ್ ಬೇಕಾದರೆ ಒಬ್ಬ ದಾನಿಯನ್ನು ಕರೆತನ್ನಿ' ಎನ್ನಲಾಗುತ್ತದೆ. ಬದಲಿ ದಾನ ಎಂದು ಅದಕ್ಕೊಂದು ಮರ್ಯಾದೆಯ ಹೆಸರಿದೆ. ಕೂಲಿ ಬಿಟ್ಟು ದೂರದ ಹಳ್ಳಿಯಿಂದ ಆಸ್ಪತ್ರೆಗೆ ಬಂದ ಕುಟುಂಬಕ್ಕೆ ಅದು ದಾನವಲ್ಲ, ದಂಡ. ಅಂಥವರ ಸುತ್ತ ಹಣಕ್ಕೆ ಬರುವ 'ಬದಲಿ'ಗಳು ಸುಳಿದಾಡಲು ಶುರುವಾದರೆ, 1996ರ ತೀರ್ಪು ಮುಚ್ಚಿಸಿದ ಬಾಗಿಲು ಹಿಂದಿನಿಂದ ತೆರೆದಂತಾಗುತ್ತದೆ.

ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳು ನಮ್ಮ ರಾಜ್ಯದಲ್ಲೇ ಇವೆ. 1984ರಲ್ಲಿ ಆರಂಭವಾದ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್, ರೋಟರಿ ಮತ್ತು ಟಿಟಿಕೆ ಉದ್ಯಮ ಸಮೂಹದ ಜೊತೆ ಸೇರಿ ಕಟ್ಟಿದ ರಕ್ತ ಕೇಂದ್ರ ಅವುಗಳಲ್ಲೊಂದು. ಕಟ್ಟಡ ಒಬ್ಬರದು, ಹಣ ಒಬ್ಬರದು, ವೈದ್ಯಕೀಯ ಜವಾಬ್ದಾರಿ ಇನ್ನೊಬ್ಬರದು ಎಂದು ಹಂಚಿಕೊಂಡರೂ ಕೆಲಸ ನಡೆಯುತ್ತದೆ ಎಂದು ಅದು ತೋರಿಸಿಕೊಟ್ಟಿದೆ. ನಾನು ಕೇಳುತ್ತಿರುವುದು ಆ ಹೊಂದಾಣಿಕೆ ಒಂದು ಕೇಂದ್ರದ ಗೋಡೆಯೊಳಗೆ ನಿಲ್ಲದೆ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಲಿ ಎಂದು.

ಮೊದಲನೆಯ ಮಾತು, ಶಿಬಿರಗಳ ದಿನಾಂಕ. ಜನವರಿ 26, ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಆಗಸ್ಟ್ 15, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ನವೆಂಬರ್ 1. ಇದಕ್ಕೆ ಪುನೀತ್ ರಾಜ್‌ಕುಮಾರ್ ಅವರ ಜನ್ಮದಿನ ಮಾರ್ಚ್ 17, ಶಾಸಕರ ಹುಟ್ಟುಹಬ್ಬ, ಮಠದ ಜಾತ್ರೆ ಸೇರಿಸಿ. ಆ ದಿನಗಳಲ್ಲಿ ಒಂದೇ ಪಟ್ಟಣದಲ್ಲಿ ಮೂರು ಕಡೆ ಶಾಮಿಯಾನ ಏಳುತ್ತದೆ. ಜನರ ಪ್ರೀತಿ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಕೆಂಪು ರಕ್ತಕಣಗಳು ಸಂರಕ್ಷಕ ದ್ರಾವಣದಲ್ಲಿ, 2ರಿಂದ 6 ಡಿಗ್ರಿ ತಾಪಮಾನದಲ್ಲಿ ಉಳಿಯುವುದು 42 ದಿನ. ಪ್ಲೇಟ್‌ಲೆಟ್‌ಗಳು 20ರಿಂದ 24 ಡಿಗ್ರಿಯಲ್ಲಿ, ಹಗಲಿರುಳು ಅಲುಗಾಡಿಸುವ ಯಂತ್ರದ ಮೇಲೆ, 5 ದಿನ. 2022ರ ಸೆಪ್ಟೆಂಬರ್ 17ರಂದು ದೇಶದಾದ್ಯಂತ ಒಂದೇ ದಿನ ಲಕ್ಷಕ್ಕೂ ಹೆಚ್ಚು ಜನ ರಕ್ತ ಕೊಟ್ಟು ದಾಖಲೆಯಾಯಿತು. ಅಂದಿನ ಪ್ಲೇಟ್‌ಲೆಟ್‌ಗಳ ಅವಧಿ ಐದೇ ದಿನಕ್ಕೆ ಮುಗಿಯಿತು, ಕೆಂಪು ಕಣಗಳದ್ದು ಅಕ್ಟೋಬರ್ 29ಕ್ಕೆ. ದಾನಿಯಾದವರು, ಗಂಡಸರಾದರೆ 90 ದಿನ, ಹೆಂಗಸರಾದರೆ 120 ದಿನ ಮತ್ತೆ ಕೊಡುವಂತಿಲ್ಲ. ಒಂದೇ ದಿನ ಊರಿನ ದಾನಿಗಳೆಲ್ಲ ಕೊಟ್ಟುಬಿಟ್ಟರೆ, ಐವತ್ತನೆಯ ದಿನ ಕಪಾಟು ಖಾಲಿ, ದಾನಿಗಳಿಗೂ ಸರದಿ ಬಂದಿಲ್ಲ.

ಇದಕ್ಕೆ ಬೇಕಾಗಿರುವುದು ಜಿಲ್ಲೆಗೊಂದು ಶಿಬಿರ ಪಂಚಾಂಗ. ಜಿಲ್ಲೆಯ ಎಲ್ಲ ಕೇಂದ್ರಗಳೂ ಕುಳಿತು ವರ್ಷ ಶುರುವಾಗುವ ಮೊದಲೇ ದಿನಗಳನ್ನು ಹಂಚಿಕೊಳ್ಳಬೇಕು. ಬೇಸಿಗೆಯಲ್ಲಿ ದಿನಗಳಿಗೇನೂ ಬರವಿಲ್ಲ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಏಪ್ರಿಲ್ 24ರ ಡಾ. ರಾಜ್‌ಕುಮಾರ್ ಜನ್ಮದಿನ, ಬಸವ ಜಯಂತಿ, ಮೇ 1ರ ಕಾರ್ಮಿಕ ದಿನ ಎಲ್ಲವೂ ನಮಗೆ ರಕ್ತ ಸಿಗದ ವಾರಗಳಲ್ಲೇ ಬರುತ್ತವೆ. ಅಭಿಮಾನಿ ಸಂಘಗಳಿಗೆ, ಕಾರ್ಮಿಕ ಸಂಘಟನೆಗಳಿಗೆ, ಮಠಗಳಿಗೆ 'ನಿಮ್ಮ ಶಿಬಿರವನ್ನು ಈ ವಾರಕ್ಕೆ ಇಟ್ಟುಕೊಳ್ಳಿ, ಬೆಳಿಗ್ಗೆ ಏಳಕ್ಕೆ ಶುರುಮಾಡಿ ಹತ್ತೂವರೆಗೆ ಮುಗಿಸೋಣ' ಎಂದು ಜಿಲ್ಲಾಡಳಿತದ ಕಡೆಯಿಂದ ಕೇಳಿದರೆ ಇಲ್ಲವೆನ್ನುವವರನ್ನು ನಾನು ಕಂಡಿಲ್ಲ. ಕೇಳುವುದು ಮಾತ್ರ ಈಗ ಒಂದೊಂದು ಕೇಂದ್ರ ಒಂಟಿಯಾಗಿ, ಇನ್ನೊಂದಕ್ಕಿಂತ ಮೊದಲು ಹೋಗಿ ಹಿಡಿಯುವ ಆತುರದಲ್ಲಿ ನಡೆಯುತ್ತಿದೆ. ಹೆಲ್ಮೆಟ್, ಬ್ಯಾಗು, ಟಿಫಿನ್ ಡಬ್ಬಿ ಕೊಟ್ಟು ಕಾಲೇಜುಗಳನ್ನು ಸೆಳೆದುಕೊಳ್ಳುವ ಪೈಪೋಟಿ ನಮ್ಮ ನಮ್ಮಲ್ಲೇ ಇದೆ. ಸೇವೆಯ ಹೆಸರಿನಲ್ಲಿರುವ ನಮಗೆ ಇದು ಶೋಭೆ ತರುವುದಿಲ್ಲ ಎಂದು ಸಹ ಕೇಂದ್ರಗಳಿಗೂ ಇದೇ ಪತ್ರದಲ್ಲಿ ಹೇಳುತ್ತಿದ್ದೇನೆ.

ಶಿಬಿರದ ಜಾಗದ ಆಯ್ಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಯೂನಿಟ್ ರಕ್ತದಿಂದ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಮೂರನ್ನೂ ತೆಗೆಯಬೇಕೆಂದರೆ ಸಂಗ್ರಹವಾದ ಆರರಿಂದ ಎಂಟು ಗಂಟೆಯೊಳಗೆ ಅದು ಘಟಕ ಬೇರ್ಪಡಿಸುವ ಪ್ರಯೋಗಾಲಯ ತಲುಪಿ ಕೆಲಸ ಮುಗಿಯಬೇಕು. ದೂರದ ತಾಲ್ಲೂಕಿನಲ್ಲಿ ಸಂಜೆಯವರೆಗೆ ಭಾಷಣ, ಸನ್ಮಾನ ಎಲ್ಲ ಮುಗಿಸಿ ರಾತ್ರಿ ವ್ಯಾನು ಹೊರಟರೆ ಪ್ಲೇಟ್‌ಲೆಟ್ ಕೈತಪ್ಪಿತು. ಮಳೆಗಾಲದಲ್ಲಿ ಡೆಂಗಿ ಏರಿದಾಗ ಪ್ಲೇಟ್‌ಲೆಟ್‌ಗಾಗಿ ಜನ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಹತ್ತಿರದಲ್ಲಿ ಯಾರ ಪ್ರಯೋಗಾಲಯವಿದೆಯೋ ಅಲ್ಲಿಗೆ ಆ ದಿನದ ಸಂಗ್ರಹ ಹೋಗುವಂತೆ ಕೇಂದ್ರಗಳು ಮೊದಲೇ ಮಾತಾಡಿಕೊಂಡರೆ ಈ ನಷ್ಟ ಬಹುಪಾಲು ತಪ್ಪುತ್ತದೆ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ತಾಲ್ಲೂಕು ಆಸ್ಪತ್ರೆಗಳ ರಕ್ತ ಸಂಗ್ರಹಣಾ ಘಟಕಗಳ, ಅಂದರೆ ಬೇರೆಡೆ ಪಡೆದ ರಕ್ತವನ್ನು ತಂದು ಕಾಪಿಡುವ ಘಟಕಗಳ ವಿಷಯ.

ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲದಿದ್ದರೆ ಕಾಯಲು ಸಮಯವಿರುವುದಿಲ್ಲ. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣವೇ ಅದು. ಜಿಲ್ಲಾಸ್ಪತ್ರೆ ಎರಡು ಗಂಟೆ ದೂರವಿದ್ದರೆ 108 ಎಷ್ಟೇ ವೇಗವಾಗಿ ಓಡಿದರೂ ಸಾಲುವುದಿಲ್ಲ. ಇದನ್ನು ಅರಿತೇ ಕೇಂದ್ರ ಸರ್ಕಾರ 2001ರ ಡಿಸೆಂಬರಿನಲ್ಲಿ ನಿಯಮ ತಿದ್ದಿತು. ವರ್ಷಕ್ಕೆ 2,000 ಯೂನಿಟ್ ಮೀರದಂತೆ ಬಳಸುವ ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳು ಪೂರ್ಣ ಪ್ರಮಾಣದ ರಕ್ತ ಕೇಂದ್ರದ ಪರವಾನಗಿ ಇಲ್ಲದೆಯೂ, ಅನುಮೋದನೆ ಪಡೆದು, ಒಂದು 'ಮಾತೃ' ರಕ್ತ ಕೇಂದ್ರದಿಂದ ಪರೀಕ್ಷಿಸಿದ ರಕ್ತ ತಂದು ಇಟ್ಟುಕೊಳ್ಳಬಹುದು. ಪ್ರಥಮ ರೆಫರಲ್ ಆಸ್ಪತ್ರೆ (ಸಣ್ಣ ಆರೋಗ್ಯ ಕೇಂದ್ರಗಳು ರೋಗಿಗಳನ್ನು ಮೊದಲು ಕಳುಹಿಸುವ ಆಸ್ಪತ್ರೆ) ಎನಿಸಿಕೊಳ್ಳಲು ಸಿಸೇರಿಯನ್ ಸೌಲಭ್ಯ, ನವಜಾತ ಶಿಶುವಿನ ಆರೈಕೆ ಇವೆರಡರ ಜೊತೆಗೆ ಇಪ್ಪತ್ನಾಲ್ಕು ಗಂಟೆಯೂ ರಕ್ತ ಸಿಗುವ ಘಟಕ ಇರಲೇಬೇಕು. ಇಷ್ಟು ಒಳ್ಳೆಯ ನಿಯಮ ಕೈಯಲ್ಲಿದೆ.

ಒಂದು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದಾಗ ಅಂಥ ಘಟಕವನ್ನು ನೋಡುವ ಅವಕಾಶ ಸಿಕ್ಕಿತು. ಬಾಗಿಲ ಮೇಲೆ ಅಚ್ಚುಕಟ್ಟಾಗಿ ಬರೆದ ಫಲಕ. ಒಳಗೆ ಒಳ್ಳೆಯ ಕಂಪನಿಯ ಶೈತ್ಯಪೆಟ್ಟಿಗೆ, ಅದರ ಪ್ಲಗ್ ತೆಗೆದು ಮೇಲೆ ಸುತ್ತಿಟ್ಟಿದ್ದರು. ಪಕ್ಕದ ಮೇಜಿನ ಮೇಲೆ ಹೊರರೋಗಿಗಳ ಚೀಟಿಗಳ ಕಟ್ಟು. ಅನುಮೋದನೆಯ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಲಾಗಿತ್ತು, ಅವಧಿ ಮುಗಿದಿತ್ತು. ಅಲ್ಲಿನ ಶುಶ್ರೂಷಕಿ ತಪ್ಪನ್ನು ಯಾರ ಮೇಲೂ ಹೊರಿಸದೆ ಹೇಳಿದರು: 'ಮೊದಮೊದಲು ತಂದಿಟ್ಟೆವು. ಬಳಕೆಯಾಗದೆ ಅವಧಿ ಮೀರಿತು. ಅದಕ್ಕೆ ವಿವರಣೆ ಕೇಳಿ ಕಾಗದ ಬಂತು. ಆಮೇಲೆ ತರುವುದನ್ನೇ ಬಿಟ್ಟೆವು.' ಆ ಮಾತಿನಲ್ಲಿ ಇಡೀ ರೋಗದ ಮೂಲವಿದೆ. ಚಿಕ್ಕ ಆಸ್ಪತ್ರೆಗೆ ವಾರಕ್ಕೆ ಎಷ್ಟು ಯೂನಿಟ್ ಬೇಕಾಗುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಕೆಲವು ವಾರ ಒಂದೂ ಬೇಡ, ಒಂದು ರಾತ್ರಿ ನಾಲ್ಕು ಬೇಕು. ಬೇಡದ ವಾರಗಳ ರಕ್ತವನ್ನು 'ವ್ಯರ್ಥ' ಎಂದು ಲೆಕ್ಕ ಹಾಕಿ ಸಿಬ್ಬಂದಿಯನ್ನು ಹೆದರಿಸಿದರೆ, ಬೇಕಾದ ರಾತ್ರಿ ಪೆಟ್ಟಿಗೆ ಖಾಲಿ ಇರುತ್ತದೆ.

ಪರಿಹಾರ ಕಷ್ಟದ್ದಲ್ಲ. ಮಾತೃ ಕೇಂದ್ರದ ವ್ಯಾನು ಗೊತ್ತಾದ ದಿನ, ಹದಿನೈದು ದಿನಕ್ಕೊಮ್ಮೆಯಾದರೂ, ಪ್ರತಿ ಘಟಕಕ್ಕೂ ಹೋಗಬೇಕು. ಹೊಸ ಯೂನಿಟ್‌ಗಳನ್ನು ಇಟ್ಟು, ಅವಧಿಗೆ ಹತ್ತು ಹನ್ನೆರಡು ದಿನ ಉಳಿದವುಗಳನ್ನು ವಾಪಸು ತರಬೇಕು. ಜಿಲ್ಲಾಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಅವು ಎರಡೇ ದಿನಕ್ಕೆ ಬಳಕೆಯಾಗುತ್ತವೆ. ಹೀಗೆ ಸುತ್ತುತ್ತಿದ್ದರೆ ತಾಲ್ಲೂಕಿನಲ್ಲಿ ಸದಾ ರಕ್ತವಿರುತ್ತದೆ, ಹಾಳಾಗುವುದೂ ಕಡಿಮೆ. ವಾಪಸು ತರಬೇಕೆಂದರೆ ಒಂದು ಶರತ್ತು ಬಿಗಿಯಾಗಿರಬೇಕು: ಅಲ್ಲಿ ವಿದ್ಯುತ್ ಹೋದಾಗ ಜನರೇಟರ್ ಓಡಿತೇ, ತಾಪಮಾನದ ದಾಖಲೆ ಕಡಿಯದೆ ಇದೆಯೇ ಎಂದು ನೋಡಬೇಕು. ಪೆಟ್ಟಿಗೆಯಿಂದ ಹೊರಬಂದು ಅರ್ಧ ಗಂಟೆ ಮೀರಿ ಹೊರಗಿದ್ದ ಯೂನಿಟ್ಟನ್ನು ನಾವು ವಾಪಸು ಪಡೆಯುವುದಿಲ್ಲ, ಪಡೆಯಲೂಬಾರದು. ಆದ್ದರಿಂದ ಅಲ್ಲಿ ತರಬೇತಾದ ಒಬ್ಬ ತಂತ್ರಜ್ಞ, ಎಚ್ಚರಿಕೆ ಗಂಟೆ ಇರುವ ಶೈತ್ಯಪೆಟ್ಟಿಗೆ, ಅದಕ್ಕೆ ಬೇರೆಯಾದ ವಿದ್ಯುತ್ ಬೆಂಬಲ ಬೇಕು. ಹಳ್ಳಿ ಹಳ್ಳಿಯ ಹಾಲನ್ನು ದಿನಕ್ಕೆರಡು ಹೊತ್ತು ಕೆಡದಂತೆ ಪಟ್ಟಣಕ್ಕೆ ತಲುಪಿಸುವ ಒಕ್ಕೂಟಗಳನ್ನು ಕಟ್ಟಿದ ರಾಜ್ಯ ನಮ್ಮದು. ಹದಿನೈದು ದಿನಕ್ಕೊಮ್ಮೆ ಒಂದು ತಣ್ಣನೆಯ ಪೆಟ್ಟಿಗೆ ತಾಲ್ಲೂಕಿಗೆ ಹೋಗಿಬರುವ ವ್ಯವಸ್ಥೆ ನಮ್ಮಿಂದ ಆಗದ ಕೆಲಸವಲ್ಲ.

ಹಣ ಯಾರದು ಎಂಬ ಪ್ರಶ್ನೆ ಸಹಜ. ರಕ್ತಕ್ಕೆ ಬೆಲೆಯಿಲ್ಲ, ಸಂಸ್ಕರಣಾ ಶುಲ್ಕ ಮಾತ್ರ. 2022ರ ಪರಿಷ್ಕರಣೆಯಂತೆ ಒಂದು ಯೂನಿಟ್ ಕೆಂಪು ಕಣಕ್ಕೆ ಸರ್ಕಾರಿ ಕೇಂದ್ರದಲ್ಲಿ 1,100 ರೂಪಾಯಿ, ಉಳಿದ ಕಡೆ 1,550 ರೂಪಾಯಿ ಗರಿಷ್ಠ ಮಿತಿ. ಬ್ಯಾಗು, ಪರೀಕ್ಷೆಯ ಕಿಟ್, ಸಂಬಳ, ವಿದ್ಯುತ್ ಎಲ್ಲ ಅದರಲ್ಲೇ ಆಗಬೇಕು. ತಾಲ್ಲೂಕಿಗೆ ಸುತ್ತುವ ವ್ಯಾನಿನ ಡೀಸೆಲ್‌ಗೆ ಅದರಲ್ಲಿ ಜಾಗವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ರಕ್ತ ಉಚಿತ, ಅದು ಹಾಗೆಯೇ ಇರಬೇಕು. ಆದರೆ ಅದರ ಶುಲ್ಕವನ್ನು ಸ್ವಯಂಸೇವಾ ಕೇಂದ್ರಕ್ಕೆ ಭರಿಸಬೇಕಾದ ಕಚೇರಿಯಿಂದ ಹಣ ಬರುವುದು ತಿಂಗಳುಗಟ್ಟಲೆ ತಡವಾದರೆ, ಮಾತೃ ಕೇಂದ್ರವಾಗಲು ಯಾರು ಮುಂದೆ ಬರುತ್ತಾರೆ? ನಮ್ಮ ಕೇಂದ್ರ ಇದನ್ನು ಅನುಭವಿಸಿದೆ. ಇದಕ್ಕೊಂದು ದಾರಿ ನನಗೆ ಕಾಣುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಎರಡು ನಿರ್ಧಾರ ಮಾಡಿತು. ಒಂದು ಕೇಂದ್ರದಿಂದ ಇನ್ನೊಂದಕ್ಕೆ ರಕ್ತ ವರ್ಗಾಯಿಸುವುದಕ್ಕೆ ಅನುಮತಿ ಕೊಟ್ಟಿತು. ಹೆಚ್ಚುವರಿ ಪ್ಲಾಸ್ಮಾಕ್ಕೆ ಲೀಟರಿಗೆ 1,600 ರೂಪಾಯಿ ವಿನಿಮಯ ಮೌಲ್ಯ ಗೊತ್ತುಮಾಡಿತು. ಆ ಪ್ಲಾಸ್ಮಾದಿಂದ ಆಲ್ಬುಮಿನ್, ಇಮ್ಯುನೋಗ್ಲೋಬ್ಯುಲಿನ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಎಂಬ ಔಷಧಗಳು ತಯಾರಾಗುತ್ತವೆ, ತಯಾರಕರು ಕೇಂದ್ರಗಳಿಗೆ ಕೊಡುವ ಹಣ ಅದು. ಹೀಗೆ ಬರುವ ಹಣದ ಒಂದು ಗೊತ್ತಾದ ಪಾಲನ್ನು ಜಿಲ್ಲೆಯ ರಕ್ತ ಸಾಗಣೆ ನಿಧಿಗೆ ಮೀಸಲಿಡಿ, ಅಷ್ಟೇ ಹಣವನ್ನು ಸರ್ಕಾರವೂ ಸೇರಿಸಲಿ. ದಾನಿ ಕೊಟ್ಟ ಪ್ಲಾಸ್ಮಾ ಇನ್ನೊಂದು ತಾಲ್ಲೂಕಿನ ತಾಯಿಗೆ ರಕ್ತ ತಲುಪಿಸಿದ ಹಾಗಾಗುತ್ತದೆ. ಯಾವ ದಾನಿಯೂ ಇದಕ್ಕೆ ಬೇಡವೆನ್ನಲಾರ.

ವರ್ಗಾವಣೆಗೆ ಅನುಮತಿ ಬಂದು ಇಷ್ಟು ವರ್ಷವಾದರೂ ಅದು ನಡೆಯುವುದು ಹೆಚ್ಚಾಗಿ ಪರಿಚಯದ ಬಲದ ಮೇಲೆ. ನನಗೆ ಪಕ್ಕದ ಜಿಲ್ಲೆಯ ತಂತ್ರಜ್ಞರ ಮೊಬೈಲ್ ಸಂಖ್ಯೆ ಗೊತ್ತಿದ್ದರೆ ಒಂದು ಕರೆ ಮಾಡುತ್ತೇನೆ, 'ಬಿ ಪಾಸಿಟಿವ್ ಹತ್ತು ಹೆಚ್ಚಿದೆ, ಬೇಕೇ' ಎಂದು ಕೇಳುತ್ತೇನೆ. ಅವರು ರಜೆಯಲ್ಲಿದ್ದರೆ ಅಲ್ಲಿಗೆ ಮುಗಿಯಿತು. 2016ರ ಏಪ್ರಿಲ್‌ನಲ್ಲಿ ಶುರುವಾದ ಇ-ರಕ್ತಕೋಶ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರತಿ ಕೇಂದ್ರದ ದಾಸ್ತಾನು ಕಾಣಬೇಕು. ಆದರೆ ಸಿಬ್ಬಂದಿ ಕಡಿಮೆಯಿರುವ ಕಡೆ ಬೆಳಗಿನ ಅಂಕಿ ಸಂಜೆಯವರೆಗೂ ಬದಲಾಗುವುದಿಲ್ಲ. ತೆರೆಯ ಮೇಲೆ ಎಂಟು ಯೂನಿಟ್ ಕಂಡು ಓಡಿಬಂದವರಿಗೆ ಕಿಟಕಿಯಲ್ಲಿ 'ಖಾಲಿಯಾಗಿದೆ' ಎಂಬ ಉತ್ತರ ಸಿಕ್ಕರೆ, ಮುಂದಿನ ಸಲ ಅವರು ತೆರೆಯನ್ನು ನಂಬುವುದಿಲ್ಲ, ವಾಟ್ಸ್‌ಆ್ಯಪ್‌ಗೆ ಮೊರೆಹೋಗುತ್ತಾರೆ. 'ತುರ್ತಾಗಿ ಬಿ ನೆಗೆಟಿವ್ ಬೇಕು' ಎಂಬ ಸಂದೇಶ ರೋಗಿ ಗುಣಮುಖರಾಗಿ ಮನೆಗೆ ಹೋದ ಮೇಲೂ ವರ್ಷಗಟ್ಟಲೆ ಊರೂರು ಸುತ್ತುತ್ತದೆ. ಅಂಕಿ ತುಂಬುವುದಕ್ಕೆಂದೇ ಒಂದು ಕೈ ಕೊಡಿ. ಅವಧಿಗೆ ಹದಿನಾಲ್ಕು ದಿನ ಉಳಿದ ಯೂನಿಟ್‌ಗಳು ಸುತ್ತಲಿನ ಜಿಲ್ಲೆಗಳ ಕೇಂದ್ರಗಳಿಗೆ ತಾವಾಗಿಯೇ ಕಾಣುವಂತೆ ಮಾಡಿ.

ತುರ್ತಿನ ಮಾತು ಬಂದಾಗ ಅಮೆರಿಕದ ಸಮುದಾಯ ರಕ್ತ ಕೇಂದ್ರಗಳು ಮಾಡಿದ್ದನ್ನು ಹೇಳಬೇಕು. 2021ರಲ್ಲಿ ಅಲ್ಲಿನ ಏಳು ಕೇಂದ್ರಗಳು ಸೇರಿ 'ಬ್ಲಡ್ ಎಮರ್ಜೆನ್ಸಿ ರೆಡಿನೆಸ್ ಕೋರ್' ಎಂಬ ಒಕ್ಕೂಟ ಕಟ್ಟಿಕೊಂಡವು. ಅದರ ಸದಸ್ಯರ ಸಂಖ್ಯೆ ಮುಂದೆ ಮೂವತ್ತು ದಾಟಿತು. ಅವರ ಕಟ್ಟಳೆ ಸರಳ: ಸರದಿಯ ವಾರ ಬಂದ ಕೇಂದ್ರ, ತನ್ನ ಆಸ್ಪತ್ರೆಗಳ ಅಗತ್ಯಕ್ಕಿಂತ ಹೆಚ್ಚಾಗಿ ಓ ಗುಂಪಿನ ಕೆಲವು ಯೂನಿಟ್‌ಗಳನ್ನು ತೆಗೆದಿಡುತ್ತದೆ. ಎಲ್ಲಾದರೂ ದೊಡ್ಡ ಅನಾಹುತವಾದರೆ ಆ ವಾರದ ಸರದಿಯವರೆಲ್ಲ ತಕ್ಷಣ ಕಳುಹಿಸುತ್ತಾರೆ. ಏನೂ ಆಗದಿದ್ದರೆ ವಾರ ಮುಗಿದ ಮೇಲೆ ಆ ರಕ್ತ ಸಾಮಾನ್ಯ ಬಳಕೆಗೆ ಹೋಗುತ್ತದೆ, ಹಾಳಾಗುವುದಿಲ್ಲ. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡೆಯ ಶಾಲೆಯಲ್ಲಿ ಗುಂಡಿನ ದಾಳಿ ನಡೆದಾಗ ಸ್ಯಾನ್ ಆಂಟೋನಿಯೊದ ಕೇಂದ್ರದಿಂದ ಹೆಲಿಕಾಪ್ಟರಿನಲ್ಲಿ ರಕ್ತ ಹೋಯಿತು, ಆ ಕೇಂದ್ರದ ಬೆನ್ನಿಗೆ ಒಕ್ಕೂಟ ನಿಂತಿತು. ನಮ್ಮಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ರಾತ್ರಿ ಎರಡಕ್ಕೆ ಬಸ್ಸು ಉರುಳಿದರೆ, ಹತ್ತಿರದ ಕೇಂದ್ರದ ಕಾವಲಿನಲ್ಲಿರುವ ಒಬ್ಬ ತಂತ್ರಜ್ಞ ತನ್ನ ಪೆಟ್ಟಿಗೆಯಲ್ಲಿ ಇದ್ದಷ್ಟನ್ನೇ ನಂಬಿಕೊಂಡಿರಬೇಕು. ಕಂದಾಯ ವಿಭಾಗಕ್ಕೆ ಒಂದರಂತೆ ಇಂಥ ಸರದಿ ಒಕ್ಕೂಟ ಮಾಡಲು ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಒಂದು ಆದೇಶ, ಒಂದು ಸರದಿ ಪಟ್ಟಿ, ಎತ್ತಿಕೊಳ್ಳುವ ಒಂದು ದೂರವಾಣಿ ಸಾಕು.

ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯಾದ ಥಲಸ್ಸೀಮಿಯಾ ಇರುವ ಮಕ್ಕಳನ್ನು ಇಲ್ಲಿ ಮರೆಯುವಂತಿಲ್ಲ. ಅವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬದುಕಿರುವವರೆಗೂ ರಕ್ತ ಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ಕಾಯಿಲೆ (ಸಿಕಲ್ ಸೆಲ್) ಮೂರೂ ಇವೆ. ಅವರಿಗೆ ರಕ್ತ ಉಚಿತವಾಗಿ ಕೊಡಬೇಕೆಂಬ ನೀತಿಯೂ ಇದೆ. ಇವರ ಅಗತ್ಯ ಮಾತ್ರ ಮೊದಲೇ ಗೊತ್ತಿರುವಂಥದ್ದು, ಯಾವ ಮಗು ಯಾವ ವಾರ ಬರುತ್ತದೆ ಎಂದು ಚೀಟಿಯಲ್ಲೇ ಇರುತ್ತದೆ. ಹೀಗಿದ್ದೂ ಬೇಸಿಗೆಯಲ್ಲಿ ಆ ತಾಯಂದಿರಿಗೆ 'ನಾಳೆ ಬನ್ನಿ' ಎನ್ನಬೇಕಾಗುತ್ತದೆ. ಮಗುವಿನ ಹಿಮೋಗ್ಲೋಬಿನ್ ಇಳಿಯುತ್ತಿರುತ್ತದೆ, ತಾಯಿಯ ಕೂಲಿ ಎರಡನೆಯ ದಿನವೂ ಹೋಗುತ್ತದೆ. ಪ್ರತಿ ಆರೈಕೆ ಕೇಂದ್ರಕ್ಕೂ ಎರಡು ರಕ್ತ ಕೇಂದ್ರಗಳನ್ನು ಬರಹದ ಒಪ್ಪಂದದಲ್ಲಿ ಜೋಡಿಸಿ. ಒಂದರಲ್ಲಿ ಇಲ್ಲದಿದ್ದರೆ ತರಿಸಿಕೊಡುವ ಹೊಣೆ ಇನ್ನೊಂದರದ್ದಾಗಲಿ, ತಾಯಿ ಅಲೆಯುವುದು ಬೇಡ.

ಅಪರೂಪದ ಗುಂಪುಗಳ ವಿಷಯದಲ್ಲಿ ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಾಂಬೆ ರಕ್ತಗುಂಪಿನ ದಾನಿಗಳ ಜಾಲ ಕಟ್ಟಿ ದೇಶಕ್ಕೇ ಉಪಕಾರ ಮಾಡಿದೆ. ವೈ.ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಗುರುತಿಸಿದ ಈ ಗುಂಪಿನವರು ನಮ್ಮಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು, ಅವರಿಗೆ ಓ ಗುಂಪಿನ ರಕ್ತವೂ ಹೊಂದುವುದಿಲ್ಲ. ಹಾಗಿದ್ದೂ ಎಷ್ಟೋ ಕಡೆ ಅವರನ್ನು ಓ ಎಂದೇ ಬರೆದು ಕಳುಹಿಸಲಾಗುತ್ತದೆ. ಕಣಗಳ ಜೊತೆಗೆ ಸೀರಂ (ರಕ್ತದ ತಿಳಿ ದ್ರವ) ಕಡೆಯಿಂದಲೂ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುವುದನ್ನು, ಪತ್ತೆಯಾದವರನ್ನು ಒಂದೇ ರಾಜ್ಯಪಟ್ಟಿಗೆ ಸೇರಿಸುವುದನ್ನು ಎಲ್ಲ ಕೇಂದ್ರಗಳೂ ಪಾಲಿಸಲಿ.

ಇನ್ನೊಂದು ಮಾತು, ಹೆಣ್ಣುಮಕ್ಕಳ ಬಗ್ಗೆ. ಶಿಬಿರಕ್ಕೆ ಉತ್ಸಾಹದಿಂದ ಬಂದು, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯೆಂದು ನಾವು ವಾಪಸು ಕಳುಹಿಸುವವರಲ್ಲಿ ಅವರೇ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. 'ನಿಮಗೆ ರಕ್ತ ಕಡಿಮೆ, ಹೋಗಿ' ಎಂದಷ್ಟೇ ಹೇಳುವುದು ನನಗೆ ನಾಚಿಕೆ ತರುತ್ತದೆ. ಪ್ರತಿ ಶಿಬಿರದಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬರು ಇದ್ದು, ಅಲ್ಲಿಯೇ ಹೆಸರು ಬರೆದುಕೊಂಡು ಚಿಕಿತ್ಸೆಗೆ ಸೇರಿಸಿಕೊಳ್ಳಲಿ. ಇದಕ್ಕೆ ಬೇರೆ ಇಲಾಖೆ ಬೇಡ, ಎರಡೂ ಕೆಲಸ ತಮ್ಮ ಇಲಾಖೆಯವೇ.

ಮಾನ್ಯರೇ, ಮಾರ್ಚ್ ತಿಂಗಳೊಳಗೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಎಲ್ಲ ರಕ್ತ ಕೇಂದ್ರಗಳನ್ನು, ತಾಲ್ಲೂಕು ಆಸ್ಪತ್ರೆಗಳನ್ನು, ಖಾಸಗಿ ಆಸ್ಪತ್ರೆಗಳನ್ನು, ಕಾಲೇಜುಗಳ ಎನ್‌ಎಸ್‌ಎಸ್ ಮತ್ತು ಯುವ ರೆಡ್ ಕ್ರಾಸ್ ಘಟಕಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ. ಯಾವ ತಾಲ್ಲೂಕು ಘಟಕಕ್ಕೆ ಯಾವುದು ಮಾತೃ ಕೇಂದ್ರ, ವ್ಯಾನು ಯಾವ ದಿನ ಹೋಗುತ್ತದೆ, ಬೇಸಿಗೆಯ ಯಾವ ವಾರ ಯಾರ ಶಿಬಿರ, ಬಾಕಿ ಹಣ ಎಷ್ಟು ದಿನದಲ್ಲಿ ಪಾವತಿಯಾಗುತ್ತದೆ ಎಂಬುದು ಬರಹದಲ್ಲಿರಲಿ. ಅದನ್ನು ಆಸ್ಪತ್ರೆಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಹಾಕಿ. ಅವಧಿ ಮೀರಿ ವಿಲೇವಾರಿಯಾದ ಯೂನಿಟ್‌ಗಳ ಲೆಕ್ಕವನ್ನೂ, ರಕ್ತವಿಲ್ಲದೆ ಬೇರೆಡೆಗೆ ಕಳುಹಿಸಿದ ರೋಗಿಗಳ ಲೆಕ್ಕವನ್ನೂ ತಿಂಗಳಿಗೊಮ್ಮೆ ಪಕ್ಕಪಕ್ಕದಲ್ಲಿಟ್ಟು ಪ್ರಕಟಿಸಿ. ಇವೆರಡನ್ನೂ ಒಟ್ಟಿಗೆ ನೋಡಿದರೆ ಯಾವ ಜಿಲ್ಲೆಯಲ್ಲಿ ಎಲ್ಲಿ ಕೊಂಡಿ ಕಳಚಿದೆ ಎಂದು ನಿಮ್ಮ ಅಧಿಕಾರಿಗಳಿಗೇ ತಿಳಿಯುತ್ತದೆ. ಅವಧಿ ಮೀರಿತೆಂದು ತಾಲ್ಲೂಕಿನ ಸಿಬ್ಬಂದಿಗೆ ವಿವರಣೆ ಕೇಳುವ ಕಾಗದಗಳನ್ನು ಮಾತ್ರ ಇಂದೇ ನಿಲ್ಲಿಸಿ.

ನಮ್ಮ ಕೇಂದ್ರದ ಕಳೆದ ವರ್ಷದ ವಹಿ, ತಿಂಗಳುವಾರು ಸಂಗ್ರಹ, ಬಳಕೆ ಮತ್ತು ವಿಲೇವಾರಿಯ ಲೆಕ್ಕ ಸಿದ್ಧವಿದೆ. ಸಭೆಗೆ ಕರೆದರೆ ಅದನ್ನು ಹಿಡಿದುಕೊಂಡು ಬರುತ್ತೇವೆ, ಎರಡು ತಾಲ್ಲೂಕು ಘಟಕಗಳಿಗೆ ಮಾತೃ ಕೇಂದ್ರವಾಗಲೂ ಒಪ್ಪಿದ್ದೇವೆ.

ಇಂತಿ,
ಜಿಲ್ಲಾ ಕೇಂದ್ರವೊಂದರ ಸ್ವಯಂಸೇವಾ ರಕ್ತ ಕೇಂದ್ರದ ತಂತ್ರಜ್ಞೆ